14 ಕೋರ್‌ನ ಹಳೆಯ ಜಿಯಾನ್ ಬೇಕಾ, 8 ಕೋರ್‌ನ ಲ್ಯಾಪ್‌ಟಾಪ್ ಸಾಕಾ?

ಪ್ರಶ್ನೆ: ನಾನು ದಾವಣಗೆರೆಯವನು. ಇಲ್ಲಿನ ಒಂದು ಹಳೆಯ ವಾಚನಾಲಯದ ಕನ್ನಡ ಪುಸ್ತಕಗಳನ್ನು ಗೆಳೆಯರೆಲ್ಲ ಸೇರಿ ಸ್ಕ್ಯಾನ್ ಮಾಡಿದ್ದೇವೆ. ಸುಮಾರು 60,000 ಪುಟ ಆಗಿದೆ. ಆ ಚಿತ್ರಗಳನ್ನು ಟೆಸರಾಕ್ಟ್ ಎಂಬ ತಂತ್ರಾಂಶದ ಮೂಲಕ ಅಕ್ಷರಗಳಾಗಿ ಬದಲಿಸುತ್ತಿದ್ದೇನೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಎಂಡಿ ರೈಜೆನ್ 7 5800ಎಚ್ ಪ್ರೊಸೆಸರ್, 16 ಜಿಬಿ ರ‍್ಯಾಮ್, ಉಬುಂಟು ಇವೆ. ಒಂದಾದ ಮೇಲೆ ಒಂದು ಪುಟ ಕೊಡುತ್ತಾ ಹೋಗುವ ಸಣ್ಣ ಸ್ಕ್ರಿಪ್ಟ್ ಬರೆದಿದ್ದೇನೆ. ರಾತ್ರಿಯಿಡೀ ಓಡಿಸಿದರೂ 5,000 ಪುಟವಷ್ಟೇ ಮುಗಿಯುತ್ತದೆ. ಸಿಸ್ಟಮ್ ಮಾನಿಟರ್‌ನಲ್ಲಿ ಪ್ರೊಸೆಸರ್ ಬಳಕೆ 25 ಪರ್ಸೆಂಟ್ ಆಸುಪಾಸಿನಲ್ಲೇ ಇರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಇಂಟೆಲ್ ಜಿಯಾನ್ ಇ5-2680 ವಿ4 ಇರುವ ಹಳೆಯ ಟವರ್ ವರ್ಕ್‌ಸ್ಟೇಷನ್ ನೋಡಿದೆ. 64 ಜಿಬಿ ರ‍್ಯಾಮ್, 32 ಸಾವಿರ ರೂಪಾಯಿ. ‘14 ಕೋರ್, 28 ಥ್ರೆಡ್ ಸಾರ್, ನಿಮ್ಮ ಲ್ಯಾಪ್‌ಟಾಪ್‌ನ ಎರಡು ಪಟ್ಟು ಕೆಲಸ ಮಾಡುತ್ತೆ’ ಎಂದರು ಅಂಗಡಿಯವರು. ತಂಗಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳಿಗೂ ವರ್ಚುವಲ್ ಮಷೀನ್‌ಗಳನ್ನು ಓಡಿಸಿ ಕಲಿಯುವ ಆಸೆ ಇದೆ. ತಗೊಳ್ಳಲಾ?

ಉತ್ತರ: ಪುಸ್ತಕಗಳ ಕೆಲಸಕ್ಕಾದರೆ ತಗೋಬೇಡಿ. ತಂಗಿಗಾದರೆ ಯೋಚಿಸಬಹುದು, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ನೀವೇ ಬರೆದಿರುವ ಒಂದು ಮಾತು ಹಿಡಿಯೋಣ. ಪ್ರೊಸೆಸರ್ ಬಳಕೆ 25 ಪರ್ಸೆಂಟ್ ಆಸುಪಾಸಿನಲ್ಲೇ ಇದೆ ಅಂದಿದ್ದೀರಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ನಿಮ್ಮ ರೈಜೆನ್‌ನಲ್ಲಿ 8 ಕೋರ್, 16 ಥ್ರೆಡ್ ಇವೆ. ಕೋರ್ ಅಂದರೆ ಚಿಪ್ ಒಳಗಿನ ಒಬ್ಬ ಕೆಲಸಗಾರ, ಥ್ರೆಡ್ ಅಂದರೆ ಅವನು ನೋಡಿಕೊಳ್ಳುವ ಒಂದು ಕೆಲಸದ ಸಾಲು. 16ರಲ್ಲಿ ಕಾಲು ಭಾಗ ಅಂದರೆ 4. ಟೆಸರಾಕ್ಟ್‌ನ 4ನೇ ಆವೃತ್ತಿಯಿಂದ ಈಚೆಗೆ ಒಂದು ಪುಟಕ್ಕೆ ಹೆಚ್ಚೆಂದರೆ 4 ಥ್ರೆಡ್ ಹಾಕಿಕೊಂಡು ಕೆಲಸ ಮಾಡುತ್ತದೆ. ಉಳಿದ 12 ಥ್ರೆಡ್ ಸುಮ್ನೆ ಕೂತಿರುತ್ತವೆ. ಬಳಸಿದ ನಾಲ್ಕರಿಂದಲೂ ನಾಲ್ಕು ಪಟ್ಟು ಲಾಭ ಸಿಗುವುದಿಲ್ಲ. ಒಂದು ಪುಟವನ್ನು ನಾಲ್ವರು ಹಂಚಿಕೊಂಡು ಓದಲು ಕೂತರೆ, ಒಬ್ಬರಿಗೊಬ್ಬರು ಕಾಯುವುದರಲ್ಲೇ ಹೊತ್ತು ಹೋಗುತ್ತದಲ್ವಾ? ಇಲ್ಲಿ ಆಗುತ್ತಿರುವುದೂ ಅದೇ.

ಇದೇ ಸ್ಕ್ರಿಪ್ಟನ್ನು ಆ ಜಿಯಾನ್ ಮೇಲೆ ಓಡಿಸಿದರೆ ಏನಾಗುತ್ತದೆ ನೋಡಿ. ಅಲ್ಲಿ 28 ಥ್ರೆಡ್ ಇವೆ. ಟೆಸರಾಕ್ಟ್ ಆಗಲೂ 4 ಥ್ರೆಡ್ಡನ್ನೇ ಬಳಸುತ್ತದೆ. 24 ಖಾಲಿ ಕೂರುತ್ತವೆ. ಆ 4 ಕೂಡ ನಿಮ್ಮ ಲ್ಯಾಪ್‌ಟಾಪ್‌ನವಕ್ಕಿಂತ ನಿಧಾನ. 32 ಸಾವಿರ ಕೊಟ್ಟು ಮನೆಗೆ ತಂದ ಮೇಲೆ ರಾತ್ರಿಗೆ 5,000 ಪುಟ ಆಗುತ್ತಿದ್ದದ್ದು ಮೂರೂವರೆ ಸಾವಿರಕ್ಕೆ ಇಳಿದರೆ ಎಷ್ಟು ಬೇಜಾರಾಗುತ್ತದೆ! ನನಗೆ ನಿಜವಾಗಿ ಕಾಳಜಿ ಇರುವುದು ಇದರ ಬಗ್ಗೆಯೇ.

ಹಾಗಾದರೆ ಮಾಡಬೇಕಾದ್ದು ಏನು? ಒಂದು ಪುಟಕ್ಕೆ ಒಂದೇ ಥ್ರೆಡ್ ಎಂದು ಟೆಸರಾಕ್ಟನ್ನು ಕಟ್ಟಿಹಾಕಿ. ‘ಓಎಂಪಿ ಥ್ರೆಡ್ ಲಿಮಿಟ್’ (OMP_THREAD_LIMIT) ಎಂಬ, ಪ್ರೋಗ್ರಾಂ ಶುರುವಾಗುವಾಗ ಓದಿಕೊಳ್ಳುವ ಎನ್‌ವಿರಾನ್ಮೆಂಟ್ ವೇರಿಯಬಲ್ ಇದೆ. ಅದಕ್ಕೆ 1 ಎಂದು ಕೊಟ್ಟರೆ ಸಾಕು. ಆಮೇಲೆ ಹಲವು ಕೆಲಸಗಳನ್ನು ಒಟ್ಟಿಗೆ ನಡೆಸುವ ಗ್ನೂ ಪ್ಯಾರಲಲ್ ಎಂಬ ತಂತ್ರಾಂಶ ಬಳಸಿ ಒಟ್ಟಿಗೆ 8 ಪುಟ ಓಡಿಸಿ. ಅದು ಸರಿಹೋದರೆ 12, 16 ಮಾಡಿ ನೋಡಿ. ಯಾವ ಅಂಕಿಗೆ ಗಂಟೆಗೆ ಜಾಸ್ತಿ ಪುಟ ಬರುತ್ತದೋ ಅಲ್ಲಿಗೆ ನಿಲ್ಲಿಸಿ. ಇದಕ್ಕೆ 16 ಜಿಬಿ ರ‍್ಯಾಮ್ ಸಾಲುತ್ತದೆ. ಈಗಿನ ವೇಗದ ಐದು ಪಟ್ಟು ಸಿಕ್ಕಿತು ಅಂತ ಇಟ್ಟುಕೊಳ್ಳಿ. ರಾತ್ರಿಗೆ 25,000 ಪುಟ. 60,000 ಪುಟ ಅಂದರೆ ಮೂರು ರಾತ್ರಿಯ ಕೆಲಸ. ಹೊಸ ಯಂತ್ರವೇ ಬೇಡ.

ಇನ್ನು ನೀವು ಕೇಳಿದ ಹೋಲಿಕೆಗೆ ಬರುತ್ತೇನೆ. ಪುಸ್ತಕಗಳ ಕೆಲಸ ಮುಗಿದ ಮೇಲೂ ಇದು ನಿಮಗೆ ಉಪಯೋಗಕ್ಕೆ ಬರುತ್ತದೆ.

ಜಿಯಾನ್ ಇ5-2680 ವಿ4 ಮಾರುಕಟ್ಟೆಗೆ ಬಂದದ್ದು 2016ರಲ್ಲಿ. ಆಗ ಅದಕ್ಕೆ ಇಂಟೆಲ್ ಇಟ್ಟಿದ್ದ ಪಟ್ಟಿ ಬೆಲೆ 1,745 ಡಾಲರ್. ಅದು ಬರೀ ಚಿಪ್‌ನ ಬೆಲೆ. ಮೂಲ ವೇಗ 2.4 ಗಿಗಾಹರ್ಟ್ಜ್. ಒಂದೆರಡು ಕೋರ್ ಮಾತ್ರ ದುಡಿಯುವಾಗ 3.3ರವರೆಗೆ ಏರುತ್ತದೆ, ಎಲ್ಲ 14 ಕೋರ್ ದುಡಿಯುವಾಗ ಹೆಚ್ಚೆಂದರೆ 2.9. ನಿಮ್ಮ 5800ಎಚ್ 2021ರದ್ದು. ಮೂಲ ವೇಗ 3.2, ಏರಿದರೆ 4.4. ಎಲ್ಲ ಕೋರ್ ಒಟ್ಟಿಗೆ ದುಡಿದರೆ 3.5ರಿಂದ 4ರ ನಡುವೆ ಎಲ್ಲೋ ನಿಲ್ಲುತ್ತದೆ. ಎಲ್ಲಿ ನಿಲ್ಲುತ್ತದೆ ಎಂಬುದು ಲ್ಯಾಪ್‌ಟಾಪ್‌ನ ಫ್ಯಾನ್ ಮತ್ತು ಒಳಗಿನ ತಾಮ್ರದ ಕೊಳವೆಗಳು ಎಷ್ಟು ಚೆನ್ನಾಗಿ ಬಿಸಿ ಹೊರಹಾಕುತ್ತವೆ ಅನ್ನುವುದರ ಮೇಲೆ ಹೋಗುತ್ತದೆ.

ಗಿಗಾಹರ್ಟ್ಜ್ ಮಾತ್ರ ನೋಡಿದರೆ ಲೆಕ್ಕ ತಪ್ಪುತ್ತದೆ. ಅದು ಎತ್ತು ಎಷ್ಟು ಬೇಗ ಹೆಜ್ಜೆ ಹಾಕುತ್ತದೆ ಅಂತ ಹೇಳುತ್ತದೆ. ಒಂದೊಂದು ಹೆಜ್ಜೆಗೆ ಎಷ್ಟು ನೆಲ ಉತ್ತಿತು ಅಂತ ಹೇಳುವುದಿಲ್ಲ. ನಿಮ್ಮ ಪ್ರೊಸೆಸರ್‌ನಲ್ಲಿರುವುದು ಝೆನ್ 3 ವಿನ್ಯಾಸದ ಕೋರ್. ಅದು ಮುಂದೆ ಬರುವ 256 ಸಣ್ಣ ಕೆಲಸಗಳನ್ನು ಒಟ್ಟಿಗೆ ಕಣ್ಣಮುಂದೆ ಹರಡಿಕೊಂಡು, ಯಾವುದು ಮೊದಲು ಮುಗಿಯುತ್ತದೋ ಅದನ್ನು ಮುಗಿಸುತ್ತಾ ಹೋಗಬಲ್ಲದು. ಜಿಯಾನ್‌ನ ಬ್ರಾಡ್‌ವೆಲ್ ಕೋರ್‌ಗೆ ಈ ಅಳತೆ 192. ಪ್ರತಿ ಕೋರ್‌ಗೆ ಸ್ವಂತದ ಎರಡನೇ ಹಂತದ ಕ್ಯಾಶ್ (ಕೈಗೆಟಕುವಷ್ಟು ಹತ್ತಿರದ ಸಣ್ಣ ಮೆಮೊರಿ) ಝೆನ್ 3ರಲ್ಲಿ 512 ಕೆಬಿ, ಬ್ರಾಡ್‌ವೆಲ್‌ನಲ್ಲಿ 256 ಕೆಬಿ. ಇಂಥ ಹತ್ತಾರು ಸಣ್ಣ ಸುಧಾರಣೆಗಳೆಲ್ಲ ಸೇರಿ, ಒಂದು ಕೋರ್‌ಗೆ ಒಂದು ಕೋರ್ ಎಂದು ಹಿಡಿದರೆ ನಿಮ್ಮ ಲ್ಯಾಪ್‌ಟಾಪ್ ಜಿಯಾನ್‌ಗಿಂತ ಸುಮಾರು ಒಂದೂವರೆ ಪಟ್ಟು ಮುಂದಿದೆ.

ಬ್ರೌಸರ್ ತೆರೆಯುವುದು, ಫೈಲ್ ತೆರೆಯುವುದು, ಬರೆಯುವುದು, ಹೀಗೆ ನಾವು ದಿನವೂ ‘ಕಂಪ್ಯೂಟರ್ ಫಾಸ್ಟ್ ಇದೆ’ ಅನ್ನುವುದೆಲ್ಲ ಬಹುಪಾಲು ಒಂದು ಕೋರ್‌ನ ಚುರುಕಿನ ಮೇಲೆ ನಿಂತಿದೆ. ಅಲ್ಲಿ ಜಿಯಾನ್ ನಿಮಗೆ ನಿಧಾನ ಅನ್ನಿಸುತ್ತದೆ.

ಹಾಗಾದರೆ 14 ಕೋರ್ ಸುಳ್ಳೇ? ಸುಳ್ಳಲ್ಲ. ಮದುವೆ ಮನೆಯ ಅಡುಗೆ ನೆನಪಿಸಿಕೊಳ್ಳಿ. ಹುಳಿಗೆ ಎರಡು ಮೂಟೆ ಬೂದುಗುಂಬಳ ಹೆಚ್ಚಬೇಕು. 14 ಜನ ಕೂತರೆ 8 ಜನಕ್ಕಿಂತ ಬೇಗ ಆಗುತ್ತದೆ, ಒಬ್ಬೊಬ್ಬರ ಕೈ ಸ್ವಲ್ಪ ನಿಧಾನವಿದ್ದರೂ ಸರಿ. ಆದರೆ ಹುಳಿ ಕುದಿಸಿ ಒಗ್ಗರಣೆ ಕೊಡುವವರು ಒಬ್ಬರೇ. ಅಲ್ಲಿ 14 ಜನ ಸುತ್ತ ನಿಂತರೆ ಏನೂ ಬೇಗ ಆಗುವುದಿಲ್ಲ. ಒಗ್ಗರಣೆ ಹಾಕುವವರ ಕೈ ಚುರುಕಾಗಿದ್ದರೆ ಮಾತ್ರ ಆಗುತ್ತದೆ. ಕಂಪ್ಯೂಟರ್ ಲೋಕದಲ್ಲಿ ಇದನ್ನು 1967ರಲ್ಲೇ ಜೀನ್ ಆಮ್ಡಾಲ್ ಎಂಬ ವಿಜ್ಞಾನಿ ಮುಂದಿಟ್ಟರು.

ಲೆಕ್ಕ ಹಾಕಿಯೇ ನೋಡೋಣ. ಜಿಯಾನ್‌ನ ಒಂದೇ ಕೋರ್‌ಗೆ 100 ನಿಮಿಷ ಹಿಡಿಯುವ ಕೆಲಸ ಇದೆ ಎನ್ನಿ. ನಿಮ್ಮ ಕೋರ್ ಒಂದೂವರೆ ಪಟ್ಟು ಚುರುಕು ಎಂದು ಹಿಡಿಯಿರಿ. ಕೆಲಸವನ್ನು ಪೂರ್ತಿಯಾಗಿ ಹಂಚಬಹುದಾದರೆ ಜಿಯಾನ್ 14 ಕೋರ್ ಹಾಕಿ 7.1 ನಿಮಿಷದಲ್ಲಿ ಮುಗಿಸುತ್ತದೆ. ನಿಮ್ಮ 8 ಕೋರ್‌ಗೆ 8.3 ನಿಮಿಷ ಬೇಕು. ಜಿಯಾನ್ ಗೆದ್ದಿತು. ಈಗ ಅದೇ ಕೆಲಸದಲ್ಲಿ ಹತ್ತನೇ ಒಂದು ಭಾಗ ಹಂಚಲಾಗದ್ದು ಎಂದುಕೊಳ್ಳಿ. ಜಿಯಾನ್‌ಗೆ 16.4 ನಿಮಿಷ, ನಿಮಗೆ 14.2. ಈಗ ಲ್ಯಾಪ್‌ಟಾಪ್ ಗೆದ್ದಿತು. ಬರೀ ಹತ್ತು ಪರ್ಸೆಂಟ್ ಒಗ್ಗರಣೆ ಇಡೀ ಫಲಿತಾಂಶವನ್ನೇ ತಿರುಗಿಸಿಬಿಟ್ಟಿತು. ಅದಕ್ಕೇ ‘ಯಾವುದು ಫಾಸ್ಟ್?’ ಎಂದು ಯಾರಾದರೂ ಕೇಳಿದರೆ ನಾನು ‘ಏನು ಕೆಲಸ?’ ಅಂತ ಮೊದಲು ಕೇಳುತ್ತೇನೆ.

ನಿಮ್ಮ ಕೆಲಸ ಪೂರ್ತಿ ಹಂಚಬಹುದಾದದ್ದೇ. ಒಂದು ಪುಟಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಹಾಗಾಗಿ ಸರಿಯಾಗಿ ಹಂಚಿದರೆ ಜಿಯಾನ್ ಸ್ವಲ್ಪ ಮುಂದೆ ಬರಬಹುದು, ನಿಮ್ಮ ಲ್ಯಾಪ್‌ಟಾಪ್‌ನ ಫ್ಯಾನ್ ಚೆನ್ನಾಗಿದ್ದರೆ ಸಮಸಮ ಆಗಬಹುದು. ‘ಎರಡು ಪಟ್ಟು’ ಅಂತೂ ಆಗುವುದಿಲ್ಲ.

28 ಥ್ರೆಡ್ ಎಂಬ ಮಾತಿಗೂ ಒಂದು ವಿವರಣೆ ಬೇಕು. ಥ್ರೆಡ್ ಅಂದರೆ ಇನ್ನೊಂದು ಕೋರ್ ಅಲ್ಲ. ಒಬ್ಬನೇ ಅಡುಗೆಯವನ ಮುಂದೆ ಎರಡು ಒಲೆ ಇಟ್ಟ ಹಾಗೆ. ಒಂದರಲ್ಲಿ ಬೇಯುತ್ತಿರುವಾಗ ಇನ್ನೊಂದನ್ನು ತಿರುವುತ್ತಾನೆ. ಕೆಲಸ ನೋಡಿಕೊಂಡು 20-30 ಪರ್ಸೆಂಟ್ ಲಾಭ ಸಿಗಬಹುದು, ದುಪ್ಪಟ್ಟು ಸಿಗುವುದಿಲ್ಲ. ಈ ಲಾಭ ನಿಮ್ಮ ಲ್ಯಾಪ್‌ಟಾಪ್‌ಗೂ ಇದೆ.

ಹಳೆಯ ಸರ್ವರ್ ಪ್ರೊಸೆಸರ್‌ನ ನಿಜವಾದ ಶಕ್ತಿ ಇರುವುದು ಕೋರ್‌ಗಳಲ್ಲಲ್ಲ, ರ‍್ಯಾಮ್‌ನಲ್ಲಿ. ಇದನ್ನು ಅಂಗಡಿಯವರು ಹೇಳುವುದೇ ಕಡಿಮೆ. ನಿಮ್ಮ ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವೆ ಎರಡು ದಾರಿಗಳಿವೆ. ಇವಕ್ಕೆ ಚಾನೆಲ್ ಅಂತಾರೆ. ಜಿಯಾನ್‌ಗೆ ನಾಲ್ಕು. ಡಿಡಿಆರ್4-2400 ರ‍್ಯಾಮ್ ಹಾಕಿದ ಜಿಯಾನ್ ಸೆಕೆಂಡಿಗೆ ಹೆಚ್ಚೆಂದರೆ 76.8 ಜಿಬಿ ಮಾಹಿತಿ ತರಿಸಿಕೊಳ್ಳಬಲ್ಲದು. ನಿಮ್ಮ ಡಿಡಿಆರ್4-3200ಕ್ಕೆ ಈ ಮಿತಿ 51.2 ಜಿಬಿ. ಇನ್ನು ಎಷ್ಟು ರ‍್ಯಾಮ್ ಹಿಡಿಸುತ್ತದೆ ಅನ್ನುವುದರಲ್ಲಿ ಹೋಲಿಕೆಯೇ ಇಲ್ಲ. ಆ ಜಿಯಾನ್ ಚಿಪ್‌ನ ಮಿತಿ 1.5 ಟಿಬಿ. ಲ್ಯಾಪ್‌ಟಾಪ್‌ನಲ್ಲಿ 64 ಜಿಬಿಗೆ ಮುಗಿಯಿತು.

ಇಲ್ಲೇ ನಿಮ್ಮ ಲ್ಯಾಪ್‌ಟಾಪ್ ಬಗ್ಗೆ ಒಂದು ಮುಖ್ಯ ಮಾತು. ಆ 16 ಜಿಬಿ ಒಂದೇ ಸ್ಟಿಕ್ ಆಗಿದೆಯಾ, 8ರ ಎರಡು ಸ್ಟಿಕ್ ಆಗಿದೆಯಾ ನೋಡಿ. ಎಷ್ಟೋ ಲ್ಯಾಪ್‌ಟಾಪ್‌ಗಳು ಒಂದೇ ಸ್ಟಿಕ್ ಹಾಕಿಕೊಂಡು ಬರುತ್ತವೆ. ಹಾಗಿದ್ದರೆ ಎರಡು ದಾರಿಯಲ್ಲಿ ಒಂದು ಮುಚ್ಚಿದೆ ಎಂದರ್ಥ. 51.2 ಇರಬೇಕಾದ ಕಡೆ 25.6 ಜಿಬಿ ಮಾತ್ರ ಹರಿಯುತ್ತಿರುತ್ತದೆ. 8 ಪುಟಗಳನ್ನು ಒಟ್ಟಿಗೆ ಓಡಿಸುವಾಗ ಇದು ಎಡವುಗಲ್ಲಾಗಬಹುದು. ಖಾಲಿ ಸ್ಲಾಟ್ ಇದ್ದರೆ ಅಂಥದ್ದೇ ಇನ್ನೊಂದು ಸ್ಟಿಕ್ ಹಾಕಿಸಿ. 32 ಸಾವಿರದಲ್ಲಿ ಒಂದು ಭಾಗ ಖರ್ಚು ಮಾಡಲೇಬೇಕು ಅಂತಿದ್ದರೆ ನಾನು ಮೊದಲು ಮಾಡುವ ಖರ್ಚು ಇದೇ.

ಜಿಯಾನ್ ಕೊಳ್ಳುವವರಿಗೂ ಇದೇ ಮಾತು. ನನಗೆ ಒಮ್ಮೆ ಹೀಗಾಗಿತ್ತು. ಇಂಥದ್ದೇ ಒಂದು ಯಂತ್ರ ತಂದೆ. ಎರಡು ದಿನ ಓಡಿಸಿದರೂ ಲೆಕ್ಕದಷ್ಟು ವೇಗ ಬರಲಿಲ್ಲ. ಬಿಚ್ಚಿ ನೋಡಿದರೆ ನಾಲ್ಕು ಚಾನೆಲ್‌ಗೆ ಎರಡೇ ಸ್ಟಿಕ್ ಹಾಕಿ ಕೊಟ್ಟಿದ್ದರು. ನಾಲ್ಕು ಹಾಕಿದ ಮೇಲೆ ಸರಿಹೋಯಿತು. ನೀವು ನೋಡಿದ 64 ಜಿಬಿ, 16ರ ನಾಲ್ಕು ಸ್ಟಿಕ್ ಆಗಿದ್ದರೆ ಒಳ್ಳೆಯದು. 32ರ ಎರಡು ಆಗಿದ್ದರೆ ನಿಮಗೆ ಸಿಗುವುದು ಅರ್ಧ ದಾರಿ, 38.4 ಜಿಬಿ. ಅಲ್ಲಿಗೆ ನಿಮ್ಮ ಲ್ಯಾಪ್‌ಟಾಪ್‌ಗಿಂತಲೂ ಕಡಿಮೆ ಆಯಿತು.

ಈಗ ತಂಗಿಯ ವಿಷಯ. ವರ್ಚುವಲ್ ಮಷೀನ್ ಅಂದರೆ ಒಂದು ಕಂಪ್ಯೂಟರ್ ಒಳಗೆ ನಾಲ್ಕಾರು ಕಂಪ್ಯೂಟರ್‌ಗಳು. ಒಂದೊಂದಕ್ಕೂ ತನ್ನ ಪಾಲಿನ ರ‍್ಯಾಮ್ ಎತ್ತಿಡಬೇಕು. ಕಲಿಯುವ ಹೊತ್ತಿಗೆ ಅವು ಹೆಚ್ಚಾಗಿ ಖಾಲಿಯೇ ಕೂತಿರುತ್ತವೆ, ಹಾಗಾಗಿ ಕೋರ್‌ನ ಚುರುಕು ಅಷ್ಟು ಮುಖ್ಯವಲ್ಲ. ಆದರೆ ರ‍್ಯಾಮ್ ಇಲ್ಲದಿದ್ದರೆ ಏನೂ ನಡೆಯುವುದಿಲ್ಲ. ಎರಡು ಮೂರು ಲಿನಕ್ಸ್ ಮಷೀನ್ ಸಾಕೆಂದರೆ 32 ಜಿಬಿ ಹಾಕಿದ ನಿಮ್ಮ ಲ್ಯಾಪ್‌ಟಾಪೇ ಧಾರಾಳ. ಕುಬರ್ನೆಟೀಸ್ ಕ್ಲಸ್ಟರ್ (ಹಲವು ಮಷೀನ್ ಸೇರಿ ಒಂದಾಗಿ ದುಡಿಯುವ ವ್ಯವಸ್ಥೆ) ಕಟ್ಟಬೇಕು, ಏಳೆಂಟು ಮಷೀನ್ ಒಟ್ಟಿಗೆ ನಡೆಸಬೇಕು, ಸ್ಟೋರೇಜ್ ಮತ್ತು ನೆಟ್‌ವರ್ಕ್ ಕಾರ್ಡ್‌ಗಳನ್ನು ತೂರಿಸಿ ಪ್ರಯೋಗ ಮಾಡಬೇಕು ಅಂತ ಅವಳಿಗೆ ನಿಜವಾದ ಹಂಬಲ ಇದ್ದರೆ ಆ ಹಳೆಯ ಟವರ್ ತುಂಬಾ ಒಳ್ಳೆಯ ಪಾಠಶಾಲೆ. ಅದರಲ್ಲಿ ಕಾರ್ಡ್‌ಗಳಿಗೆಂದೇ, ಮಾಹಿತಿ ಓಡಾಡುವ ದಾರಿಗಳಾದ 40 ಪಿಸಿಐ ಎಕ್ಸ್‌ಪ್ರೆಸ್ ಲೇನ್‌ಗಳಿವೆ. ರ‍್ಯಾಮ್‌ನಲ್ಲಿ ಒಂದು ಬಿಟ್ ತಪ್ಪಾದರೆ ತಾನೇ ತಿದ್ದಿಕೊಳ್ಳುವ ಇಸಿಸಿ ವ್ಯವಸ್ಥೆಯೂ ಇದೆ. ಬಿಚ್ಚಿ, ಕಳಚಿ, ಜೋಡಿಸಿ ಕಲಿಯಬಹುದು. ಲ್ಯಾಪ್‌ಟಾಪ್ ಅದಕ್ಕೆ ಅವಕಾಶ ಕೊಡುವುದಿಲ್ಲ. ಅವಳ ಜೊತೆ ಒಮ್ಮೆ ಕೂತು ಕೇಳಿ. ಅವಳು ಹೌದು ಅಂದರೆ ನಾನು ಬೇಡ ಅನ್ನುವುದಿಲ್ಲ.

ಕರೆಂಟಿನ ಲೆಕ್ಕ ಮಾತ್ರ ಮೊದಲೇ ಹಾಕಿಕೊಳ್ಳಿ. ಚಿಪ್‌ಗಳ ಮೇಲೆ ಬರೆದಿರುವ ಅಂಕಿ ಜಿಯಾನ್‌ಗೆ 120 ವಾಟ್, ನಿಮ್ಮ ರೈಜೆನ್‌ಗೆ 45. ಗೋಡೆಯ ಪ್ಲಗ್‌ನಿಂದ ಎಳೆಯುವುದು ಇದಕ್ಕಿಂತ ಜಾಸ್ತಿ. ಪೂರ್ತಿ ದುಡಿಯುವಾಗ ಟವರ್ 200 ವಾಟ್, ಲ್ಯಾಪ್‌ಟಾಪ್ 80 ವಾಟ್ ಎಂದು ಹಿಡಿಯೋಣ. ನಿಮ್ಮ 60,000 ಪುಟಕ್ಕೆ ಎರಡೂ 20 ಗಂಟೆ ದುಡಿದವು ಎಂದರೆ ಒಂದಕ್ಕೆ 4 ಯೂನಿಟ್, ಇನ್ನೊಂದಕ್ಕೆ 1.6 ಯೂನಿಟ್. ಇದೊಂದು ದೊಡ್ಡ ವಿಷಯವೇ ಅಲ್ಲ. ತೊಂದರೆ ಇರುವುದು ಸುಮ್ನೆ ಉರಿಯುವಾಗ. ಹಳೆಯ ವರ್ಕ್‌ಸ್ಟೇಷನ್ ಏನೂ ಮಾಡದೆ ಕೂತಾಗಲೂ 70 ವಾಟ್ ಎಳೆಯಿತು ಅಂತಿಟ್ಟುಕೊಳ್ಳಿ. ದಿನವಿಡೀ ಆನ್ ಇಟ್ಟರೆ ತಿಂಗಳಿಗೆ 50 ಯೂನಿಟ್.

ಯೂನಿಟ್‌ಗೆ 6 ರೂಪಾಯಿ ಎಂದರೂ 300 ರೂಪಾಯಿ ತಾನೇ ಅನ್ನಿಸಬಹುದು. ಆದರೆ ನಿಮ್ಮ ಮನೆಗೆ ಗೃಹಜ್ಯೋತಿ ಬರುತ್ತಿದ್ದರೆ ಲೆಕ್ಕ ಬೇರೆ. ನಿಮ್ಮ ಹಳೆಯ ಸರಾಸರಿಯ ಮೇಲೆ ಹತ್ತು ಪರ್ಸೆಂಟ್ ಸೇರಿಸಿ ನಿಗದಿಯಾದ ಯೂನಿಟ್‌ವರೆಗೆ ಮಾತ್ರ ಉಚಿತ. ಅದನ್ನು ಮೀರಿದ್ದಕ್ಕೆ ಹಣ ಕಟ್ಟಬೇಕು. ಒಟ್ಟು 200 ಯೂನಿಟ್ ದಾಟಿದರಂತೂ ಆ ತಿಂಗಳ ಬಿಲ್ ಪೂರ್ತಿ ನಿಮ್ಮದೇ. ಈಗ 160 ಯೂನಿಟ್ ಬಳಸುವ ಮನೆಗೆ ಈ ಟವರ್ 50 ಸೇರಿಸಿದರೆ 210. ಸೊನ್ನೆ ಬಿಲ್ ಬರುತ್ತಿದ್ದ ಮನೆಗೆ ಸಾವಿರಕ್ಕೂ ಮೀರಿದ ಬಿಲ್ ಬರುತ್ತದೆ. ಬೇಕಾದಾಗ ಆನ್, ಆದ ಮೇಲೆ ಆಫ್ ಎನ್ನುವ ಶಿಸ್ತು ಇದ್ದರೆ ಈ ಭಯವಿಲ್ಲ.

ಕರೆಂಟ್ ಹೋದರೆ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯ ಮೇಲೆ ಸ್ವಲ್ಪ ಹೊತ್ತು ನಡೆಯುತ್ತದೆ. ಟವರ್‌ಗೆ ಒಂದು ಯುಪಿಎಸ್ ಬೇಕೇ ಬೇಕು. ಅದರ ಬೆಲೆಯನ್ನೂ 32 ಸಾವಿರಕ್ಕೆ ಸೇರಿಸಿಕೊಳ್ಳಿ. ನಿಜ, ಹಗಲು ರಾತ್ರಿ ದುಡಿಯಲೆಂದೇ ಕಟ್ಟಿದ ಯಂತ್ರ ಅದು, ಲ್ಯಾಪ್‌ಟಾಪ್ ಹಾಗಲ್ಲ. ಏಪ್ರಿಲ್‌ನ ಬಿಸಿಲಲ್ಲಿ ಲ್ಯಾಪ್‌ಟಾಪನ್ನು ಮೂರು ರಾತ್ರಿ ಓಡಿಸುವುದಾದರೆ ಹಾಸಿಗೆಯ ಮೇಲಿಡಬೇಡಿ. ಮೇಜಿನ ಮೇಲೆ, ಹಿಂಬದಿ ಒಂದಿಂಚು ಎತ್ತರಿಸಿ, ಟೇಬಲ್ ಫ್ಯಾನ್ ಮುಂದೆ ಇಡಿ. ಓಡಿಸುವ ಮುಂಚೆ ಒಳಗಿನ ಧೂಳು ತೆಗೆಸಿ. ಇಷ್ಟಕ್ಕೇ ವೇಗದಲ್ಲಿ ವ್ಯತ್ಯಾಸ ಕಾಣುತ್ತದೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಆ ಜಿಯಾನ್‌ನಲ್ಲಿ ಗ್ರಾಫಿಕ್ಸ್ ಇಲ್ಲ. ಪರದೆಯಲ್ಲಿ ಏನಾದರೂ ಕಾಣಬೇಕೆಂದರೂ ಬೇರೆ ಕಾರ್ಡ್ ಬೇಕು. ಮೈಕ್ರೋಸಾಫ್ಟ್‌ನ ವಿಂಡೋಸ್ 11 ಪಟ್ಟಿಯಲ್ಲಿ ಅದು ಇಲ್ಲ, ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನೀವು ಉಬುಂಟು ಬಳಸುವವರು, ನಿಮಗೆ ತೊಂದರೆಯಿಲ್ಲ. ತಂಗಿಗೆ ವಿಂಡೋಸ್ ಬೇಕಿದ್ದರೆ ಮೊದಲೇ ತಿಳಿಸಿ.

ಕೊಳ್ಳುವುದೇ ಆದರೆ ಹೆಸರಿನ ಕೊನೆಯ ಆ ‘ವಿ4’ ಅನ್ನು ಬಯಾಸ್‌ನಲ್ಲಿ (ಯಂತ್ರ ಆನ್ ಮಾಡಿದೊಡನೆ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಕಣ್ಣಾರೆ ನೋಡಿ. ಇ5-2680 ಎಂಬ ಅಂಕಿ ಇಟ್ಟುಕೊಂಡೇ 2012ರಿಂದ ನಾಲ್ಕು ತಲೆಮಾರು ಬಂದಿವೆ. ಮೊದಲನೆಯದರಲ್ಲಿ ಇರುವುದು 8 ಕೋರ್, ವಿ2ನಲ್ಲಿ 10. ಎರಡರಲ್ಲೂ ಎವಿಎಕ್ಸ್2 ಎಂಬ ಸೌಲಭ್ಯವಿಲ್ಲ. ಟೆಸರಾಕ್ಟ್ ಅಕ್ಷರ ಗುರುತಿಸುವ ಲೆಕ್ಕವನ್ನು ಬೇಗ ಮಾಡಲು ಅದು ನೆರವಾಗುತ್ತದೆ. ವಿ3, ವಿ4ಗಳಲ್ಲಿ ಅದು ಇದೆ, ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಇದೆ. ಮತ್ತೆ, ಚಪ್ಪಟೆ ರ‍್ಯಾಕ್ ಸರ್ವರ್ ಕಡಿಮೆ ಬೆಲೆಗೆ ಕೊಡುತ್ತೇವೆ ಅಂದರೆ ಮನೆಗೆ ತರಬೇಡಿ. ನಾಲ್ಕೂವರೆ ಸೆಂಟಿಮೀಟರ್ ಎತ್ತರದ ಪೆಟ್ಟಿಗೆಯಲ್ಲಿ ಸಣ್ಣ ಫ್ಯಾನ್‌ಗಳು ವಿಪರೀತ ಜೋರಾಗಿ ತಿರುಗುತ್ತವೆ. ಪಕ್ಕದ ಕೋಣೆಯಲ್ಲೂ ನಿದ್ದೆ ಬರುವುದಿಲ್ಲ. ಅಂಗಡಿಗೆ ಹೋಗುವಾಗ ಉಬುಂಟು, ಟೆಸರಾಕ್ಟ್ ಮತ್ತು ನಿಮ್ಮದೇ 200 ಪುಟ ಇರುವ ಪೆನ್‌ಡ್ರೈವ್ ತಗೊಂಡು ಹೋಗಿ. ಅಲ್ಲೇ ಅದರಿಂದ ಬೂಟ್ ಮಾಡಿ, 14 ಪುಟ ಒಟ್ಟಿಗೆ ಓಡಿಸಿ, ಗಡಿಯಾರ ನೋಡಿ. ಅದೇ 200 ಪುಟವನ್ನು ಮನೆಯಲ್ಲಿ ಲ್ಯಾಪ್‌ಟಾಪ್ ಮೇಲೂ ಓಡಿಸಿರಿ. ಬೇರೆಯವರ ಸ್ಕೋರ್‌ಗಳಿಗಿಂತ ಈ ಎರಡು ಸಮಯಗಳು ನಿಮಗೆ ನಿಜ ಹೇಳುತ್ತವೆ.

ಇವತ್ತು ರಾತ್ರಿ ಮಾತ್ರ ಒಂದು ಪ್ರಯೋಗ ಮಾಡಿ. ಉಬುಂಟು ಜೊತೆ ಬರುವ ಟೆಸರಾಕ್ಟ್‌ನ ಕನ್ನಡ ಮಾದರಿ ‘ಫಾಸ್ಟ್’ ಎಂಬುದು. ಇದಲ್ಲದೆ ‘ಬೆಸ್ಟ್’ ಎಂಬ ಇನ್ನೊಂದು ಮಾದರಿಯೂ ಇದೆ. ನಿಧಾನ, ಆದರೆ ಹೆಚ್ಚು ನಿಖರವಾಗಿರಲಿ ಎಂದೇ ಮಾಡಿದ್ದು. 12 ರಾತ್ರಿಯ ಕೆಲಸ ಮೂರು ರಾತ್ರಿಗೆ ಇಳಿದರೆ ಉಳಿದ ಸಮಯವನ್ನು ಇದಕ್ಕೆ ಕೊಡಬಹುದು. ಹಳೆಯ ಮೊಳೆಯಚ್ಚಿನ 20 ಪುಟ ಆರಿಸಿ, ಶಾಯಿ ಹರಡಿದಂಥವನ್ನೇ ಆರಿಸಿ, ಎರಡೂ ಮಾದರಿಗಳಲ್ಲಿ ಓಡಿಸಿ. ಮ ಮತ್ತು ವ, ಥ ಮತ್ತು ಧ, ಅರ್ಕಾವತ್ತು, ಒತ್ತಕ್ಷರಗಳು ಎಷ್ಟು ಕಡೆ ತಪ್ಪಿವೆ ಎಂದು ಗೆಳೆಯರ ಜೊತೆ ಕೂತು ಎಣಿಸಿ. ಪುಟಕ್ಕೆ ಐದು ತಪ್ಪು ಕಡಿಮೆಯಾದರೂ 60,000 ಪುಟಕ್ಕೆ ಮೂರು ಲಕ್ಷ ತಿದ್ದುಪಡಿ ನಿಮ್ಮ ಕೈಗೆ ಉಳಿಯುತ್ತದೆ.